ಆಡಿನ ಹಗ್ಗ, ಬೆಕ್ಕಿನ ಮೀಸೆ

ಪುಣೆಯ ಕೋಥ್ರೂಡಿನಲ್ಲಿರುವ ನನ್ನ ಚಿಕ್ಕಪ್ಪನ ಮಗ ಸಿಕ್ಕಾಗಲೆಲ್ಲ ಒಂದು ಪ್ರಶ್ನೆ ಕೇಳುತ್ತಾನೆ. ಮದುವೆ ಮನೆಯಿರಲಿ, ಚೌತಿಯ ಊಟವಿರಲಿ, ಕೈ ತೊಳೆದು ಬಂದ ಮೇಲೆ ನನ್ನನ್ನು ಪಕ್ಕಕ್ಕೆ ಕರೆದು, "ಅಲ್ಲ ಮಾರಾಯ, ನಾವು ಹೋಟ್ಲಲ್ಲಿ ಕೂತು ಆಡ್ತಿದ್ವಲ್ಲ, ಆ ತರಹದ ಗೇಮು ಈಗಲೂ ಯಾರಾದ್ರೂ ಮಾಡ್ತಾರಾ?" ಅನ್ನುತ್ತಾನೆ. ಮಾಡ್ತಾರೆ ಅನ್ನುತ್ತೇನೆ. ಹೆಸರುಗಳನ್ನೂ ಹೇಳುತ್ತೇನೆ. ಫೋನಿನಲ್ಲಿ ಬರೆದುಕೊಳ್ಳುತ್ತಾನೆ. ಮುಂದಿನ ಸಲ ಸಿಕ್ಕಾಗ ಮತ್ತೆ ಅದೇ ಪ್ರಶ್ನೆ, ಅದೇ ಧಾಟಿ. ಮೊದಮೊದಲು ಮರೆವು ಅಂದುಕೊಂಡೆ. ಆದರೆ ಅವನು ಬ್ಯಾಂಕಿನವನು. ನನ್ನ ಫಿಕ್ಸೆಡ್ ಡಿಪಾಸಿಟ್ಟು ಯಾವ ತಾರೀಕಿಗೆ ಮುಗಿಯುತ್ತದೆ ಎಂಬುದು ನನಗಿಂತ ಅವನಿಗೇ ಚೆನ್ನಾಗಿ ನೆನಪಿರುತ್ತದೆ. ಹಾಗಾದರೆ ನಾನು ಕೊಡುವ ಉತ್ತರ ಮಾತ್ರ ಅವನ ತಲೆಯಲ್ಲಿ ಯಾಕೆ ನಿಲ್ಲುವುದಿಲ್ಲ?

ಇದು ನನ್ನನ್ನು ತುಂಬ ಕಾಡಿದೆ. ಯಾಕೆಂದರೆ ಉತ್ತರವಂತೂ ಸರಿಯಾದದ್ದೇ. ಪರದೆಯ ಮೇಲೆ ಒಂದು ಚಿತ್ರ, ಅದರೊಳಗೊಬ್ಬ ಮನುಷ್ಯ, ಕ್ಲಿಕ್ ಮಾಡಿದಲ್ಲಿಗೆ ನಡೆದು ಹೋಗುತ್ತಾನೆ. ಕಂಡದ್ದನ್ನು ಎತ್ತಿ ಜೇಬಿಗೆ ಹಾಕಿಕೊಳ್ಳುತ್ತಾನೆ, ಸಿಕ್ಕವರ ಜೊತೆ ಹರಟುತ್ತಾನೆ, ಜೇಬಿನ ಸಾಮಾನು ಒಂದಕ್ಕೊಂದು ಜೋಡಿಸಿ ಬೀಗ ತೆಗೆಯುತ್ತಾನೆ. ಗುಂಡು ಹಾರಿಸುವುದಿಲ್ಲ, ಓಡುವುದಿಲ್ಲ, ಹಾರುವುದಿಲ್ಲ. 'ಅಡ್ವೆಂಚರ್' ಎಂದು ಕರೆಯುವ ಆ ಜಾತಿಯ ಕಂಪ್ಯೂಟರ್ ಆಟಗಳು ಇವತ್ತೂ ಬರುತ್ತಿವೆ, ಕೆಲವು ಬಹಳ ಚೆನ್ನಾಗಿಯೇ ಇವೆ. ಆದರೂ ಅವನ ಪ್ರಶ್ನೆಯಲ್ಲಿ ನಾನು ಉತ್ತರಿಸದೆ ಬಿಟ್ಟ ಏನೋ ಒಂದು ತುಣುಕು ಇರಬೇಕು ಅನ್ನಿಸುತ್ತದೆ. ಅದನ್ನು ಹಿಡಿಯಲು ಈ ಬರಹ.

ಶಟರ್ ಎಳೆದ ಮೇಲೆ

ನನ್ನ ತಂದೆ ಮುಂಬಯಿಯ ಮಾಟುಂಗಾದ ಒಂದು ಉಡುಪಿ ಹೋಟೆಲಿನಲ್ಲಿ ಮ್ಯಾನೇಜರ್ ಆಗಿದ್ದರು. ಯಜಮಾನರು ಲೆಕ್ಕಪತ್ರಕ್ಕೆಂದು ಟ್ಯಾಲಿ ಹಾಕಿಸಿದ ಒಂದು ಪೆಂಟಿಯಂ ಕಂಪ್ಯೂಟರ್ ತಂದು ಪೋಟ್‌ಮಾಳಾದಲ್ಲಿ, ಅಂದರೆ ಗಲ್ಲಾದ ಮೇಲಿನ ಅಟ್ಟದಂಥ ಜಾಗದಲ್ಲಿ, ಇಟ್ಟಿದ್ದರು. ತಲೆ ಎತ್ತಿ ನಿಂತರೆ ಫ್ಯಾನು ತಾಗುವಷ್ಟು ತಗ್ಗು. ಹಗಲೆಲ್ಲ ಅದರ ಮುಂದೆ ಅಕೌಂಟೆಂಟ್ ಕೂರುತ್ತಿದ್ದರು. ರಾತ್ರಿ ಶಟರ್ ಎಳೆದು, ಮೇಜಿನ ಮೇಲೆ ಕುರ್ಚಿ ಬೋರಲು ಹಾಕಿ, ನೆಲ ತೊಳೆದಾದ ಮೇಲೆ ಅದು ನಮ್ಮದು. ನಮ್ಮದು ಅಂದರೆ ಕಾಲೇಜು ಓದುತ್ತಿದ್ದ ನಾನು, ರಜೆಗೆ ಪುಣೆಯಿಂದ ಬಂದ ಈ ಚಿಕ್ಕಪ್ಪನ ಮಗ, ಮತ್ತು ಹಾಸಿಗೆ ಬಿಡಿಸುವ ಮೊದಲು ಒಂದಿಷ್ಟು ಹೊತ್ತು ನೋಡಿ ಹೋಗೋಣ ಎಂದು ಏಣಿ ಹತ್ತಿ ಬರುತ್ತಿದ್ದ ಸಪ್ಲೈಯರ್, ಕ್ಲೀನರ್ ಹುಡುಗರು. ಬೈಂದೂರು, ಕುಂದಾಪುರ, ಹೆಬ್ರಿ ಕಡೆಯವರು. ಕೆಲವರು ರಾತ್ರಿ ಶಾಲೆಗೂ ಹೋಗುತ್ತಿದ್ದರು.

ಗ್ರಾಂಟ್ ರೋಡಿನಲ್ಲಿಳಿದು ಲ್ಯಾಮಿಂಗ್ಟನ್ ರೋಡಿಗೆ ಹೋದರೆ ಫುಟ್‌ಪಾತಿನ ಮೇಲೆ ಪ್ಲಾಸ್ಟಿಕ್ ಹಾಸಿ ಸಿಡಿ ಮಾರುವವರು ಸಾಲಾಗಿ ಕೂತಿರುತ್ತಿದ್ದರು. ಕವರಿನ ಮೇಲೆ ಜೆರಾಕ್ಸ್ ಚಿತ್ರ, ಒಳಗೆ ಮಾರ್ಕರಿನಲ್ಲಿ ಬರೆದ ಹೆಸರು. ಅಲ್ಲಿಂದ ಒಂದು ಸಲ ತಂದದ್ದು 'ಬ್ರೋಕನ್ ಸೋರ್ಡ್'. ಇಂಗ್ಲೆಂಡಿನ ರೆವಲ್ಯೂಷನ್ ಎಂಬ ಸಣ್ಣ ಸಂಸ್ಥೆಯ ಚಾರ್ಲ್ಸ್ ಸೆಸಿಲ್ ಮತ್ತು ಅವರ ತಂಡ 1996ರಲ್ಲಿ ಮಾಡಿದ ಆಟ. ಪ್ಯಾರಿಸಿನ ಒಂದು ಕೆಫೆಯಲ್ಲಿ ಬಾಂಬು ಸಿಡಿಯುತ್ತದೆ. ಹೊರಗೆ ಕೂತಿದ್ದ ಜಾರ್ಜ್ ಎಂಬ ಅಮೆರಿಕನ್ ಪ್ರವಾಸಿ ಅದರ ಹಿಂದೆ ಬೀಳುತ್ತಾನೆ. ಕೈಯಲ್ಲಿ ಬರೆದ ಕಾರ್ಟೂನ್ ಸಿನಿಮಾದಂಥ ಚಿತ್ರ. ಇಂಗ್ಲಿಷ್ ಮಾತು ಬಂದಂತೆಲ್ಲ ನಾನು ಹುಡುಗರಿಗೆ ಕನ್ನಡದಲ್ಲಿ ಹೇಳುತ್ತಿದ್ದೆ, ಅವರು ನನಗಿಂತ ಮೊದಲೇ ಯಾರು ಸುಳ್ಳು ಹೇಳುತ್ತಿದ್ದಾರೆ ಅಂತ ಪತ್ತೆ ಹಚ್ಚುತ್ತಿದ್ದರು. ಗಿರಾಕಿ ನೋಡಿ ನೋಡಿ ಪಳಗಿದ ಕಣ್ಣು.

ಕಥೆ ಐರ್ಲೆಂಡಿಗೆ ಬಂತು. ಹಾಳುಬಿದ್ದ ಒಂದು ಕೋಟೆ, ಒಳಗೆ ಅಗೆದ ಗುಂಡಿ, ಗುಂಡಿಗಿಳಿಯುವ ಏಣಿ, ಏಣಿಯ ಪಕ್ಕದಲ್ಲಿ ಹಗ್ಗ ಕಟ್ಟಿದ ಒಂದು ಆಡು. ಜಾರ್ಜ್ ಏಣಿ ಹತ್ತಿರ ಹೋದರೆ ಆಡು ಬಂದು ಗುದ್ದಿ ಕೆಡವುತ್ತದೆ. ಈ ಆಡು ಆ ಆಟಗಳನ್ನು ಆಡಿದವರ ಲೋಕದಲ್ಲಿ ಜಗತ್ಪ್ರಸಿದ್ಧ. ಅಲ್ಲಿ ಸಿಕ್ಕಿಬಿದ್ದವರು ಎಲ್ಲ ದೇಶಗಳಲ್ಲೂ ಇದ್ದಾರೆ. ನಮಗೆ ಆಗ ಅದೇನೂ ಗೊತ್ತಿರಲಿಲ್ಲ. ಜೇಬಿನ ಒಂದೊಂದೇ ಸಾಮಾನು ತೆಗೆದು ಆಡಿಗೆ ತೋರಿಸಿದೆವು. ರಾತ್ರಿಗಟ್ಟಲೆ ಅಲ್ಲೇ ಕೂತೆವು. ಚಿಕ್ಕಪ್ಪನ ಮಗ ಹಗಲು ಮಾಟುಂಗಾ ಮಾರ್ಕೆಟ್ಟಿಗೆ ತೆಂಗಿನಕಾಯಿ ತರಲು ಹೋದಾಗಲೂ ಆಡಿನ ಬಗ್ಗೆಯೇ ಮಾತಾಡುತ್ತಿದ್ದ.

ಬಿಡಿಸಿದ್ದು ಪಾತ್ರೆ ತೊಳೆಯುವ ಹುಡುಗ. ಇಂಗ್ಲಿಷಿನ ಒಂದಕ್ಷರ ಗೊತ್ತಿಲ್ಲದವನು. ಹಿಂದೆ ನಿಂತು ನೋಡುತ್ತಿದ್ದವನು, "ಆಡ್ ಕಟ್ಟಿದ್ ಹಗ್ಗ ಅಲ್ದಾ ಅದ್? ಆಚಿ ಬದಿ ಕಬ್ಣದ್ ಸಾಮಾನ್ ಇತ್ತಲೆ. ಅದಕ್ಕೆ ಸಿಕ್ಕ್ ಬೀಳೂ ಹಂಗ್ ಮಾಡಿ ಕಾಂಬ" ಅಂದ. ನಾವು ಆ ಮೂಲೆಯ ತುಕ್ಕು ಹಿಡಿದ ಉಳುವ ಯಂತ್ರವನ್ನು ಬರೀ ಹಿನ್ನೆಲೆಯ ಚಿತ್ರ ಅಂದುಕೊಂಡಿದ್ದೆವು. ಆಡು ಕಟ್ಟಿದವನಿಗೆ ಗೊತ್ತು: ಹಗ್ಗ ಸಿಕ್ಕಿಹಾಕಿಕೊಳ್ಳುವ ಯಾವ ವಸ್ತುವೂ ಆಡಿನ ಹತ್ತಿರ ಇರಬಾರದು. ಇದ್ದರೆ ಅದು ಸಿಕ್ಕಿಯೇ ಬೀಳುತ್ತದೆ. ಆದರೂ ತಕ್ಷಣ ಆಗಲಿಲ್ಲ. ಗುದ್ದಿಸಿಕೊಂಡು ಬಿದ್ದ ಕೂಡಲೇ, ಆಡು ಸುಧಾರಿಸಿಕೊಳ್ಳುವ ಮೊದಲೇ, ಯಂತ್ರದ ಮೇಲೆ ಕ್ಲಿಕ್ ಮಾಡಬೇಕಿತ್ತು. ಅಲ್ಲಿಯವರೆಗೆ ಆರಾಮಾಗಿ ಯೋಚಿಸಿ ಆಡುವ ಆಟ ಇದ್ದಕ್ಕಿದ್ದಂತೆ ಇಲ್ಲಿ ಮಾತ್ರ ಚುರುಕುತನ ಕೇಳುತ್ತದೆ, ಹಾಗೆಂದು ಎಲ್ಲೂ ಹೇಳುವುದೂ ಇಲ್ಲ. ಅದು ಮಾಡಿದವರ ತಪ್ಪೇ. 2009ರಲ್ಲಿ ಮತ್ತೆ ಬಂದ ಆವೃತ್ತಿಯಲ್ಲಿ ಆಡನ್ನು ಪಳಗಿಸಿದರು. ಏನೇ ಇರಲಿ, ಹಗ್ಗ ಸುತ್ತಿಕೊಂಡು ಆಡು ನಿಂತಾಗ ಪೋಟ್‌ಮಾಳಾದಲ್ಲಿ ಎದ್ದ ಬೊಬ್ಬೆಗೆ ಕೆಳಗೆ ಮಲಗಿದ್ದ ಭಟ್ಟರು ಎದ್ದು ಬಂದು ಬೈದರು. ಬೆಳಗ್ಗೆ ನಾಲ್ಕಕ್ಕೆ ಎದ್ದು ಇಡ್ಲಿ ಇಡಬೇಕಾದವರು, ಬೈದದ್ದು ನ್ಯಾಯವೇ.

ಮೀಸೆಯ ಪ್ರಕರಣ

ಇದಕ್ಕೆ ತೀರಾ ವಿರುದ್ಧವಾದ ಒಂದು ಒಗಟಿದೆ. 1999ರಲ್ಲಿ ಸಿಯೆರಾ ಸಂಸ್ಥೆಯಿಂದ ಬಂದ 'ಗೇಬ್ರಿಯಲ್ ನೈಟ್ 3'ರದ್ದು. ನಾಯಕ ಗೇಬ್ರಿಯಲ್‌ಗೆ ಫ್ರಾನ್ಸಿನ ಹಳ್ಳಿಯೊಂದರಲ್ಲಿ ಬಾಡಿಗೆಗೆ ಮೋಟರ್‌ಸೈಕಲ್ ಬೇಕು. ಅದನ್ನು ತನ್ನ ಗೆಳೆಯನ ವೇಷ ಹಾಕಿ ಪಡೆಯಬೇಕು. ಅದಕ್ಕೆ ಮೀಸೆ ಬೇಕು. ಮೀಸೆಗೆ ಏನು ಮಾಡಬೇಕು ಗೊತ್ತೇ? ಶೆಡ್ಡಿನ ಬಾಗಿಲ ತೂತಿಗೆ ಅಂಟುಪಟ್ಟಿ ಹಚ್ಚಿ, ಬೆಕ್ಕಿಗೆ ನೀರು ಚಿಮುಕಿಸಿ ಆ ತೂತಿನೊಳಗೆ ಓಡಿಸಿ, ಪಟ್ಟಿಗೆ ಅಂಟಿದ ರೋಮವನ್ನು ಸಿಹಿ ಪಾಕದಿಂದ ತುಟಿಯ ಮೇಲೆ ಅಂಟಿಸಿಕೊಳ್ಳಬೇಕು. ಮುಗಿಯಲಿಲ್ಲ. ಆ ಗೆಳೆಯನಿಗೆ ಮೀಸೆಯೇ ಇಲ್ಲ! ಆದ್ದರಿಂದ ಅವನ ಪಾಸ್‌ಪೋರ್ಟಿನ ಫೋಟೋದ ಮೇಲೆ ಮಾರ್ಕರಿನಿಂದ ಮೀಸೆ ಬರೆಯಬೇಕು. ಇದನ್ನು ಮೊದಲ ಸಲ ಓದಿದಾಗ ಯಾರೋ ತಮಾಷೆಗೆ ಕಟ್ಟಿದ್ದು ಅಂದುಕೊಂಡಿದ್ದೆ. ಆಡಿ ನೋಡಿದೆ. ಹೌದು, ಹಾಗೆಯೇ ಇದೆ.

2000ದಲ್ಲಿ ಎರಿಕ್ ವೋಲ್ಪಾ ಎಂಬ ಬರಹಗಾರ ಈ ಮೀಸೆಯನ್ನೇ ಮುಂದಿಟ್ಟುಕೊಂಡು ಒಂದು ಲೇಖನ ಬರೆದ: ಈ ಆಟಗಳನ್ನು ಬೇರೆ ಯಾರೂ ಕೊಲ್ಲಲಿಲ್ಲ, ಅವು ತಾವೇ ಸತ್ತವು ಎಂಬುದು ಅವನ ವಾದ. ಕುಹಕವೇನೋ ಧಾರಾಳವಾಗಿತ್ತು, ಆದರೆ ಸುಳ್ಳೇನೂ ಇರಲಿಲ್ಲ. (ಇದೇ ವೋಲ್ಪಾ ಮುಂದೆ 'ಪೋರ್ಟಲ್' ಆಟದ ಬರವಣಿಗೆಗೆ ಕೈಹಾಕಿದ. ಒಗಟು ಹೇಗಿರಬೇಕು ಎಂದು ತೋರಿಸಲು ಅದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.) ಹನ್ನೊಂದು ವರ್ಷ ಮೊದಲೇ, 1989ರಲ್ಲಿ, ರಾನ್ ಗಿಲ್ಬರ್ಟ್ ಇದೇ ರೋಗದ ಬಗ್ಗೆ ಬರೆದಿದ್ದ. ಲ್ಯೂಕಾಸ್‌ಫಿಲ್ಮ್ ಗೇಮ್ಸ್‌ನಲ್ಲಿ 'ಮೇನಿಯಾಕ್ ಮ್ಯಾನ್ಷನ್' ಮಾಡಿದವನು. ಬರೆದ ಮರುವರ್ಷ 'ಮಂಕಿ ಐಲೆಂಡ್' ಬಂತು. ಬೀಗ ಮೊದಲು ಕಾಣಬೇಕು, ಕೀಲಿ ಆಮೇಲೆ ಸಿಗಬೇಕು. ಆಟಗಾರನನ್ನು ಸುಮ್ಮಸುಮ್ಮನೆ ಸಾಯಿಸಬಾರದು. ಹಿಂದೆಲ್ಲೋ ಎತ್ತಿಕೊಳ್ಳದೆ ಬಿಟ್ಟ ವಸ್ತುವಿಗಾಗಿ ಮುಂದೆ ದಾರಿ ಮುಚ್ಚಬಾರದು ಎಂಬಂಥ ಮಾತುಗಳು. ಆ ಕಾಲದ ಸಿಯೆರಾ ಆಟಗಳು ಇದನ್ನೆಲ್ಲ ನಿಷ್ಠೆಯಿಂದ ಉಲ್ಲಂಘಿಸಿದವು. 'ಕಿಂಗ್ಸ್ ಕ್ವೆಸ್ಟ್ 5'ರಲ್ಲಿ ಹಸಿವಾಯಿತೆಂದು ಕಡುಬಿನಂಥ ತಿಂಡಿಯೊಂದನ್ನು ತಿಂದುಬಿಟ್ಟರೆ, ಮುಂದೆ ಹಿಮಮಾನವ ಎದುರಾದಾಗ ಅವನ ಮುಖಕ್ಕೆ ಎಸೆಯಲು ಏನೂ ಇರುವುದಿಲ್ಲ. ಆಟ ಅಲ್ಲಿಗೆ ಮುಗಿಯಿತು.

ಒಂದು ಮಾತು ಪಕ್ಕಕ್ಕೆ ಹೇಳಬೇಕು. ಸಿಕ್ಕಿಬೀಳುವುದು ಆಗ ಒಂದು ವ್ಯಾಪಾರವೂ ಆಗಿತ್ತು. ಇನ್ಫೋಕಾಮ್ ಎಂಬ ಸಂಸ್ಥೆ ತನ್ನ ಅಕ್ಷರದ ಆಟಗಳಿಗೆ, ಅಂದರೆ ಚಿತ್ರವಿಲ್ಲದೆ ಬರೀ ಬರಹದಲ್ಲೇ ನಡೆಯುವ ಆಟಗಳಿಗೆ, ಕಾಣದ ಶಾಯಿಯಲ್ಲಿ ಅಚ್ಚಾದ ಸುಳಿವಿನ ಪುಸ್ತಕ ಮಾರುತ್ತಿತ್ತು. ವಿಶೇಷ ಪೆನ್ನಿನಿಂದ ಉಜ್ಜಿದರೆ ಒಂದೊಂದೇ ಸಾಲು ಮೂಡುತ್ತಿತ್ತು. ಸಿಯೆರಾ ದುಡ್ಡು ಕೊಟ್ಟು ಕರೆ ಮಾಡುವ ಫೋನ್ ಲೈನನ್ನೇ ಇಟ್ಟಿತ್ತು. ಆಡುವವನ ಗೊಂದಲದಿಂದಲೂ ನಾಲ್ಕು ಕಾಸು ಬರುವಾಗ ಒಗಟನ್ನು ನೇರ ಮಾಡುವ ಆತುರ ಯಾರಿಗಿರುತ್ತದೆ? ಇಂಟರ್ನೆಟ್ಟಿನಲ್ಲಿ ಉತ್ತರಗಳು ಪುಕ್ಕಟೆ ಸಿಗತೊಡಗಿದ ಮೇಲೆ ಆ ವ್ಯಾಪಾರವೂ ಹೋಯಿತು, ಮೀಸೆಯಂಥ ಒಗಟುಗಳ ಬಣ್ಣವೂ ಬಯಲಾಯಿತು.

ದುಡ್ಡಿನ ಕಾರಣವೂ ಇತ್ತು, ಇಲ್ಲವೆನ್ನುವುದಿಲ್ಲ. 1993ರ 'ಮಿಸ್ಟ್' ಅರವತ್ತು ಲಕ್ಷಕ್ಕೂ ಹೆಚ್ಚು ಪ್ರತಿ ಮಾರಾಟವಾದದ್ದು ಎಲ್ಲರ ಆಸೆಯನ್ನು ಕೆರಳಿಸಿತು. 1998ರ 'ಗ್ರಿಮ್ ಫ್ಯಾಂಡಾಂಗೊ' ಹೊಗಳಿಕೆ ತಂದಷ್ಟು ಕಾಸು ತರಲಿಲ್ಲ. 1999ರ ಫೆಬ್ರವರಿಯಲ್ಲಿ ಸಿಯೆರಾ ತನ್ನ ತವರಾದ ಓಕ್‌ಹರ್ಸ್ಟಿನ ಸ್ಟುಡಿಯೋ ಮುಚ್ಚಿತು. 2004ರಲ್ಲಿ ಲ್ಯೂಕಾಸ್‌ಆರ್ಟ್ಸ್ (ಲ್ಯೂಕಾಸ್‌ಫಿಲ್ಮ್ ಗೇಮ್ಸ್‌ನ ಆಮೇಲಿನ ಹೆಸರು) ಅರ್ಧ ಆಗಿದ್ದ 'ಸ್ಯಾಮ್ ಅಂಡ್ ಮ್ಯಾಕ್ಸ್'ನ ಮುಂದಿನ ಭಾಗವನ್ನು ಕೈಬಿಟ್ಟಿತು. ಚಿಕ್ಕಪ್ಪನ ಮಗನ ನೆನಪಿನ ಗಡಿಯಾರ ನಿಂತದ್ದು ಇಲ್ಲೇ.

ಆದರೆ ನನಗೆ ಮುಖ್ಯವಾಗಿ ಕಾಣುವುದು ಆಡಿಗೂ ಮೀಸೆಗೂ ಇರುವ ವ್ಯತ್ಯಾಸ. ಎರಡೂ ಕಷ್ಟವೇ, ಎರಡೂ ಕುಖ್ಯಾತವೇ. ಆಡಿನ ಒಗಟಿಗೆ ಹೊರಗಿನಿಂದ ಒಳಗೆ ಬರಲು ಒಂದು ಬಾಗಿಲಿತ್ತು. ಆಡು ಸಾಕಿದ ಯಾರೂ ಅದರಲ್ಲಿ ಬರಬಹುದಿತ್ತು, ಭಾಷೆ ಬೇಕಿರಲಿಲ್ಲ, ಅಂಥ ಆಟಗಳ ಅಭ್ಯಾಸವೂ ಬೇಕಿರಲಿಲ್ಲ. ಮೀಸೆಯ ಒಗಟಿನ ಉತ್ತರ ಮಾಡಿದವರ ತಲೆಯೊಳಗೆ ಮಾತ್ರ ಇದೆ. ಲೋಕಜ್ಞಾನ ಎಷ್ಟಿದ್ದರೂ ಅಲ್ಲಿ ಪ್ರಯೋಜನವಿಲ್ಲ.

ಕಾಲಮಿತಿಯಲ್ಲಿ

ಈಗ ಮಾಡುತ್ತಾರಾ ಎಂಬುದಕ್ಕೆ ಬರೋಣ. 'ಗ್ರಿಮ್ ಫ್ಯಾಂಡಾಂಗೊ' ಮಾಡಿದ ಟಿಮ್ ಶೇಫರ್ 2012ರಲ್ಲಿ, ಹಳೆಯ ಮಾದರಿಯ ಒಂದು ಆಟಕ್ಕೆಂದು, ಜನರಿಂದ ದುಡ್ಡು ಕೂಡಿಸುವ ತಾಣವಾದ ಕಿಕ್‌ಸ್ಟಾರ್ಟರ್‌ನಲ್ಲಿ ನಾಲ್ಕು ಲಕ್ಷ ಡಾಲರ್ ಕೇಳಿದ. ಎಂಬತ್ತೇಳು ಸಾವಿರಕ್ಕೂ ಹೆಚ್ಚು ಜನ ಸೇರಿ ಮೂವತ್ಮೂರು ಲಕ್ಷ ಕೊಟ್ಟರು. ಆಟ ಬೇಕಿದ್ದವರು ಎಲ್ಲೂ ಹೋಗಿರಲಿಲ್ಲ, ಅವರನ್ನು ಕೇಳಿದವರಿರಲಿಲ್ಲ ಅಷ್ಟೆ. ಆ ದುಡ್ಡಿನಲ್ಲಿ ಬಂದ 'ಬ್ರೋಕನ್ ಏಜ್' ನನಗೆ ಅಷ್ಟೇನೂ ರುಚಿಸಲಿಲ್ಲ. ಮೊದಲರ್ಧ ತೀರಾ ಸಲೀಸು, ಎರಡನೆಯದು ಸಿಟ್ಟಿಗೆದ್ದವರ ಮಾತು ಕೇಳಿ ಬಿಗಿ ಮಾಡಿದ ಹಾಗಿತ್ತು. ಗಿಲ್ಬರ್ಟ್ 2017ರಲ್ಲಿ 'ಥಿಂಬಲ್‌ವೀಡ್ ಪಾರ್ಕ್' ತಂದ, 2022ರಲ್ಲಿ 'ರಿಟರ್ನ್ ಟು ಮಂಕಿ ಐಲೆಂಡ್'. ಎರಡನೆಯದರ ಚಿತ್ರಶೈಲಿ ಹಳೆಯ ಅಭಿಮಾನಿಗಳಿಗೆ ಹಿಡಿಸಲಿಲ್ಲ. ಹಳೆಯದು ಬೇಕು ಎನ್ನುವವರಿಗೆ ಹಳೆಯದನ್ನು ಮಾಡಿದವನೇ ಹೊಸದು ಕೊಟ್ಟರೂ ಬೇಡವಾಯಿತು. ಆ ಜಗಳ ನೋಡಿ ನನಗೆ ಬೇಸರವೂ ಆಯಿತು, ನಗುವೂ ಬಂತು.

ದೊಡ್ಡವರು ಬಿಟ್ಟ ಜಾಗದಲ್ಲಿ ಸದ್ದಿಲ್ಲದೆ ಕೆಲಸ ಮಾಡಿದವರು ಬೇರೆಯೇ ಇದ್ದಾರೆ. ಕ್ರಿಸ್ ಜೋನ್ಸ್ ಎಂಬಾತ 1990ರ ದಶಕದ ಕೊನೆಯಲ್ಲಿ ಇಂಥ ಆಟ ಕಟ್ಟಲು ಅಡ್ವೆಂಚರ್ ಗೇಮ್ ಸ್ಟುಡಿಯೋ ಎಂಬ ಉಚಿತ ಸಲಕರಣೆ ಮಾಡಿಕೊಟ್ಟ. ಅದನ್ನೇ ಹಿಡಿದು ನ್ಯೂಯಾರ್ಕಿನ ಡೇವ್ ಗಿಲ್ಬರ್ಟ್ (ರಾನ್‌ಗೂ ಇವನಿಗೂ ಸಂಬಂಧವಿಲ್ಲ) 2006ರಲ್ಲಿ 'ದಿ ಶಿವಾ' ಮಾಡಿದ. ನಾಯಕ ಒಬ್ಬ ಯಹೂದಿ ಧರ್ಮಗುರು. ಅವನ ವಾಜೆಟ್ ಐ ಸಂಸ್ಥೆಯಿಂದ ಬ್ಲ್ಯಾಕ್‌ವೆಲ್ ಸರಣಿ, 2018ರಲ್ಲಿ 'ಅನಾವೌಡ್', 2025ರಲ್ಲಿ 'ಓಲ್ಡ್ ಸ್ಕೈಸ್' ಬಂದಿವೆ. 'ಓಲ್ಡ್ ಸ್ಕೈಸ್' ಕಾಲಯಾನದ ಕಥೆ. ಅಲ್ಲಿ ನಾಯಕಿ ಸಾಯುತ್ತಾಳೆ, ಕಾಲ ಹಿಂದಕ್ಕೆ ಸುತ್ತುತ್ತದೆ, ಸತ್ತಾಗ ತಿಳಿದದ್ದನ್ನು ಹಿಡಿದು ಮತ್ತೆ ಪ್ರಯತ್ನಿಸುತ್ತಾಳೆ. ಸಿಯೆರಾದ ಸಾವುಗಳು ನಮ್ಮನ್ನು ಹಂಗಿಸುತ್ತಿದ್ದವು; ಇಲ್ಲಿ ಸಾವೇ ಸುಳಿವು. ಬ್ರಿಟನ್ನಿನಿಂದ 'ಹಾಬ್ಸ್ ಬ್ಯಾರೋ', ಆಸ್ಟ್ರೇಲಿಯಾದಿಂದ 'ದಿ ಡ್ರಿಫ್ಟರ್', ಜೆಕ್ ನಾಡಿನ ಅಮಾನಿತಾದವರ ಮಾತೇ ಇಲ್ಲದ 'ಮಷಿನೇರಿಯಂ', ಜರ್ಮನಿಯ 'ಡಿಪೋನಿಯಾ'. ಜರ್ಮನ್ನರಂತೂ ಬರಗಾಲದಲ್ಲೂ ಈ ಆಟಗಳನ್ನು ಬಿಟ್ಟುಕೊಡಲಿಲ್ಲ. ಹಳೆಯವನ್ನು ಇಂದಿನ ಯಂತ್ರಗಳಲ್ಲಿ ಓಡಿಸಲು 2001ರಿಂದಲೂ ಸ್ಕಮ್‌ವಿಎಂ ಇದೆ.

ಇಷ್ಟೆಲ್ಲ ಇದ್ದೂ ಅವನಿಗೆ ಕಾಣದಿರಲು ಕಾರಣವಿದೆ. ಆಟ ಮಾರುವ ಸ್ಟೀಮ್ ಎಂಬ ಆನ್‌ಲೈನ್ ಅಂಗಡಿಯಲ್ಲಿ ವರ್ಷಕ್ಕೆ ಹತ್ತು ಸಾವಿರಕ್ಕೂ ಹೆಚ್ಚು ಆಟ ಬರುತ್ತವೆ, 'ಅಡ್ವೆಂಚರ್' ಎಂಬ ಚೀಟಿ ಹೆಚ್ಚುಕಡಿಮೆ ಎಲ್ಲದಕ್ಕೂ ಅಂಟಿಸಿರುತ್ತದೆ. ತನ್ನ ಊರಿನ ನಾಡಿಂಗ್ ಹೆಡ್ಸ್ ತಂಡ 2020ರಲ್ಲಿ 'ರಾಜಿ' ತಂದಾಗ ಪುಣೆಯವನೆಂಬ ಹೆಮ್ಮೆಯಿಂದ ಅವನೂ ಕೊಂಡ. ಚೆಂದದ ಆಟ, ಆದರೆ ಓಡಿ, ಹಾರಿ, ತ್ರಿಶೂಲ ಬೀಸಬೇಕು. ಅವನಿಗೆ ಬೇಕಿದ್ದದ್ದು ನಿಂತು ಯೋಚಿಸುವ ಆಟ.

ಸರಿ, ಇವೆಲ್ಲ ಹಳೆಯವೇ ಹೌದಾ? ಮುಂಬಯಿಯಲ್ಲಿ ಯಕ್ಷಗಾನ ನೋಡಿದವರಿಗೆ ಇದನ್ನು ವಿವರಿಸುವುದು ಸುಲಭ. ಊರಿನಲ್ಲಿ ಬೆಳಗಿನ ತನಕ ನಡೆಯುವ ಪ್ರಸಂಗ ಇಲ್ಲಿನ ಸಭಾಂಗಣದಲ್ಲಿ ಮೂರು ಗಂಟೆಯ ಕಾಲಮಿತಿಗೆ ಬರುತ್ತದೆ. ಚೆಂಡೆ ಅದೇ, ವೇಷ ಅದೇ, ಭಾಗವತರು ಊರಿನಿಂದಲೇ ಬಂದವರು. ಡೊಂಬಿವಲಿಗೆ ಹೋಗುವವರಿಗೆ ಕೊನೆಯ ಲೋಕಲ್ ಸಿಗಬೇಕಲ್ಲ. ಕಳೆದದ್ದು ನಡುರಾತ್ರಿಯ ಆ ಎಳೆದ ಹೊತ್ತು: ನಿದ್ದೆ ತೂಗಿ, ಚಹಾ ಕುಡಿದು, ಮತ್ತೆ ಬಂದು ಕೂರುವ ಹೊತ್ತು. 'ರಿಟರ್ನ್ ಟು ಮಂಕಿ ಐಲೆಂಡ್'ನಲ್ಲಿ ನಾಯಕನ ಜೇಬಿನಲ್ಲೇ ಸುಳಿವಿನ ಪುಸ್ತಕವಿದೆ, ಮಾಡಬೇಕಾದ ಕೆಲಸಗಳ ಪಟ್ಟಿಯೂ ಇದೆ, ಸುಲಭದ ದಾರಿ ಬೇಕಾದರೆ ಅದೂ ಇದೆ. 2024ರಲ್ಲಿ ಮತ್ತೆ ಬಂದ 'ಬ್ರೋಕನ್ ಸೋರ್ಡ್'ನಲ್ಲೂ ಒಗಟು ಹಗುರ ಮಾಡಿದ ಕಥೆಯ ಮೋಡ್ ಇದೆ. ದುಡಿಯುವವರ ಕಾಲಕ್ಕೆ ಇದು ಬೇಕು, ನನಗೂ ಬೇಕು. ನಾನು ಎರಡು ಸಲ ಆ ಪುಸ್ತಕ ತೆರೆದೆ, ಮುಜುಗರವೇನೂ ಆಗಲಿಲ್ಲ. ಆದರೆ ಚಿಕ್ಕಪ್ಪನ ಮಗ ಕೇಳುತ್ತಿರುವುದು ವೇಷದ ಬಗ್ಗೆ ಅಲ್ಲ, ಆ ಎಳೆದ ಹೊತ್ತಿನ ಬಗ್ಗೆ. ಸಿಕ್ಕಿಬಿದ್ದು ಮಾರ್ಕೆಟ್ಟಿನಲ್ಲೂ ತಲೆ ತಿನ್ನುವ ಒಗಟು, ಪಕ್ಕದಲ್ಲಿ ನಿಂತವನು ಬಿಡಿಸಬಹುದಾದ ಒಗಟು. ಅದನ್ನು ಯಾರಾದರೂ ಮಾಡುತ್ತಾರಾ?

ತೂಗುಮಂಚದ ನಂಬರು

ಮಾಡುತ್ತಾರೆ. ಆದರೆ ಹಳೆಯ ವೇಷ ಹಾಕಿದವರಲ್ಲಿ ಅಷ್ಟಾಗಿ ಅಲ್ಲ ಎನ್ನುವುದು ನನ್ನ ಅನುಮಾನ.

ಹೋದ ಮಳೆಗಾಲದಲ್ಲಿ ಹಳಿಗಳ ಮೇಲೆ ನೀರು ನಿಂತು ಲೋಕಲ್ ಬಂದಾದ ದಿನ ನನ್ನ ಅಕ್ಕನ ಮಗಳು ನಮ್ಮ ಮನೆಯಲ್ಲಿ ಸಿಕ್ಕಿಕೊಂಡಳು. ಹಾಸ್ಟೆಲಿನಲ್ಲಿದ್ದು ಕಾನೂನು ಓದುತ್ತಿರುವವಳು. ಗೇಮ್ ಅಂದರೆ ಮೂಗು ಮುರಿಯುತ್ತಾಳೆ. ನಾನು 'ರಿಟರ್ನ್ ಆಫ್ ದಿ ಒಬ್ರಾ ಡಿನ್' ಆಡುತ್ತಿದ್ದೆ. ಲ್ಯೂಕಾಸ್ ಪೋಪ್ ಎಂಬವನು 2018ರಲ್ಲಿ ತಂದದ್ದು. ಕಪ್ಪು-ಬಿಳುಪು ಚುಕ್ಕಿ ಚಿತ್ರ. 1807ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಒಂದು ಹಡಗು ಜನರಿಲ್ಲದೆ ತೇಲಿ ಬಂದಿದೆ. ನೀವು ವಿಮೆಯ ಇನ್‌ಸ್ಪೆಕ್ಟರ್. ಅರವತ್ತು ಮಂದಿಯಲ್ಲಿ ಒಬ್ಬೊಬ್ಬರೂ ಯಾರು, ಏನಾದರು ಎಂದು ಬರೆಯಬೇಕು. ಪ್ರತಿ ಹೆಣದ ಬಳಿ ಸಾವಿನ ಆ ಒಂದು ಕ್ಷಣ ನಿಂತ ಚಿತ್ರವಾಗಿ ಕಾಣುತ್ತದೆ. ಕೈಯಲ್ಲಿ ಹಡಗಿನ ಜನರ ಪಟ್ಟಿ: ಹೆಸರು, ಹುದ್ದೆ, ದೇಶ. ಪಟ್ಟಿಯಲ್ಲಿ ಹಿಂದೂಸ್ತಾನದ ಖಲಾಸಿಗಳೂ ಇದ್ದಾರೆ. ಮೂರು ಜನರ ವಿವರ ಸರಿಯಾದಾಗ ಮಾತ್ರ ಆಟ ಅದನ್ನು ಖಾಯಂ ಮಾಡುತ್ತದೆ, ಆದ್ದರಿಂದ ಅಡ್ಡಾದಿಡ್ಡಿ ಊಹೆ ನಡೆಯುವುದಿಲ್ಲ.

ನಾನು ಖಲಾಸಿಗಳ ಮುಖ ಗುರುತಿಸಲಾಗದೆ ಒದ್ದಾಡುತ್ತಿದ್ದೆ. ಹಡಗಿನ ಹೊಟ್ಟೆಯಲ್ಲಿ ಸಾಲು ಸಾಲು ತೂಗುಮಂಚಗಳು, ಅವುಗಳಲ್ಲಿ ಮಲಗಿದವರು. ಅವಳು ಬಿಸ್ಕತ್ತು ತಿನ್ನುತ್ತ ಹಿಂದೆ ನಿಂತು, "ಆ ಬಿಲ್ಲೆ ಮೇಲೆ ನಂಬರ್ ಇದೆಯಲ್ಲ, ನೋಡಿದ್ರಾ ಮಾಮ?" ಅಂದಳು. ಪಟ್ಟಿಯ ಪ್ರತಿ ಹೆಸರಿನ ಮುಂದೆ ಒಂದು ಕ್ರಮಸಂಖ್ಯೆ, ತೂಗುಮಂಚಕ್ಕೆ ಅದೇ ಸಂಖ್ಯೆಯ ಬಿಲ್ಲೆ. "ನಮ್ಮ ಹಾಸ್ಟೆಲಲ್ಲಿ ಬಾಲ್ದಿಗೂ ನಂಬರ್ ಬರೀತಾರೆ. ಅಷ್ಟು ಜನ ಒಟ್ಟಿಗೆ ಮಲಗೋ ಜಾಗದಲ್ಲಿ ಬರೀದೇ ಇರ್ತಾರಾ?" ಅಷ್ಟರ ಮೇಲೆ ಅವಳು ಎದ್ದು ಹೋಗಲಿಲ್ಲ. ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಪಟ್ಟಿ ಬರೆದಳು, ಯಾರ ಪಕ್ಕ ಯಾರು ನಿಂತಿದ್ದರು, ಯಾವ ಬೂಟು, ಯಾವ ಟೋಪಿ ಎಂದೆಲ್ಲ. ಮರುದಿನ ರೈಲು ಶುರುವಾದ ಮೇಲೂ ಮಧ್ಯಾಹ್ನದ ಊಟ ಮುಗಿಸಿಯೇ ಹೊರಟಳು, ಕ್ಯಾಲೆಂಡರ್ ಹಾಳೆ ಒಯ್ದಳು, ಟ್ರೈನಿನಿಂದ ಮೆಸೇಜ್ ಮಾಡಿದಳು: ಅಡುಗೆಯವ ಅಂತ ನಾವು ಬರೆದದ್ದು ಸುಳ್ಳು.

ಒಬ್ರಾ ಡಿನ್‌ನಲ್ಲಿ ಜೇಬಿಲ್ಲ, ವಸ್ತು ಜೋಡಿಸುವುದಿಲ್ಲ, ಹರಟೆಯೂ ಇಲ್ಲ. ಲಕ್ಷಣ ನೋಡಿ ಜಾತಿ ಹೇಳುವ ವಿಮರ್ಶಕರು ಇದನ್ನು ಹಳೆಯ ಮಾದರಿ ಎಂದು ಒಪ್ಪಲಿಕ್ಕಿಲ್ಲ. 2022ರ 'ದಿ ಕೇಸ್ ಆಫ್ ದಿ ಗೋಲ್ಡನ್ ಐಡಲ್' ಅನ್ನು ಒಂದಿಷ್ಟು ಒಪ್ಪಿಯಾರು: ಲಾಟ್ವಿಯಾದ ಇಬ್ಬರು ಅಣ್ಣತಮ್ಮಂದಿರು ಮಾಡಿದ್ದು; ಕೊಲೆ ನಡೆದ ನಿಶ್ಚಲ ದೃಶ್ಯದಲ್ಲಿ ಕ್ಲಿಕ್ ಮಾಡಿ ಪದಗಳನ್ನು ಹೆಕ್ಕಿ, ಖಾಲಿ ಬಿಟ್ಟ ವಾಕ್ಯಗಳಿಗೆ ತುಂಬಬೇಕು. 2025ರ 'ಬ್ಲೂ ಪ್ರಿನ್ಸ್' ಅಂತೂ ನೋಟ್‌ಬುಕ್ ಇಲ್ಲದೆ ಆಡಲಾಗದ ಮನೆ. ಇವು ಯಾವುವೂ 'ಮಂಕಿ ಐಲೆಂಡ್'ನಂತೆ ಕಾಣುವುದಿಲ್ಲ. ಆದರೆ ಬಿಸ್ಕತ್ತು ತಿನ್ನುತ್ತ ಹಿಂದೆ ನಿಂತವರಿಗೆ ಇವುಗಳಲ್ಲಿ ಜಾಗವಿದೆ. ಹಳೆಯ ವೇಷ ಹಾಕಿದ ಕೆಲವು ಹೊಸ ಆಟಗಳಲ್ಲಿ ಅದಿಲ್ಲ. ಒಗಟು ಅಡ್ಡಿಯಾಗಬಾರದು ಎಂದು ಹೆದರಿ ಅದನ್ನು ಬರೀ ಕಥೆಯ ಪುಟ ತಿರುಗಿಸುವ ಬಟನ್ ಮಾಡಿಬಿಟ್ಟಿದ್ದಾರೆ. ಓದಲು ಚೆನ್ನ. ಸಿಕ್ಕಿಬೀಳಲು ಏನೂ ಇಲ್ಲ.

ಆದ್ದರಿಂದ ಈ ಸಲ ಅವನು ಕೇಳಿದರೆ ಪಟ್ಟಿ ಕೊಡುವುದಿಲ್ಲ. ಒಬ್ರಾ ಡಿನ್ ಹಾಕಿಕೊಟ್ಟು, ಹೆಂಡತಿ ಮಕ್ಕಳು ಓಡಾಡುವ ಹಾಲ್‌ನಲ್ಲಿ ಟಿವಿಗೆ ಜೋಡಿಸಿ ಆಡು ಅನ್ನುತ್ತೇನೆ. ರೂಮಿನಲ್ಲಿ ಲ್ಯಾಪ್‌ಟಾಪ್ ಹಿಡಿದು ಒಬ್ಬನೇ ಕೂತರೆ ಯಾವ ಆಟದಲ್ಲೂ ಅವನಿಗೆ ಬೇಕಾದದ್ದು ಸಿಗುವುದಿಲ್ಲ.

ನಮ್ಮದೊಂದು ಬೀಗ

ಇಷ್ಟು ಯೋಚಿಸಿದ ಮೇಲೆ ಕೈ ಸುಮ್ಮನಿರಲಿಲ್ಲ. ಕನ್ನಡದಲ್ಲೇ ಒಂದು ಸಣ್ಣ ಆಟ ಕಟ್ಟಿ ನೋಡೋಣ ಎನಿಸಿತು. ಮೊದಲ ತೊಡಕು ಅಕ್ಷರದ್ದು. ಆಟ ಕಟ್ಟಲು ಬಳಸುವ ಹಲವು ಗೇಮ್ ಎಂಜಿನ್‌ಗಳಿಗೆ ಕನ್ನಡದ ಒತ್ತಕ್ಷರ ಕೂಡಿಸಲು ಬರುವುದಿಲ್ಲ. ಯೂನಿಕೋಡ್ ಗೊತ್ತು ಅನ್ನುತ್ತವೆ, ಆದರೆ 'ಅಮ್ಮ' ಎಂದು ಕೊಟ್ಟರೆ ಒತ್ತು ಕೆಳಗೆ ಕೂರದೆ ಪಕ್ಕಕ್ಕೆ ಬಂದು, ನಡುವೆ ಒಂದು ಅರ್ಧ ಅಕ್ಷರ ಬಾಲ ಎತ್ತಿ ನಿಲ್ಲುತ್ತದೆ. 2023ರಲ್ಲಿ ಬಂದ ಗೊಡೊ ಎಂಜಿನ್ನಿನ ನಾಲ್ಕನೆಯ ಆವೃತ್ತಿ ಇದನ್ನು ಸರಿಯಾಗಿ ಮಾಡುತ್ತದೆ, ಉಚಿತವೂ ಹೌದು. ಹಾಗಾಗಿ ಅದನ್ನೇ ಹಿಡಿದಿದ್ದೇನೆ. ಚಿತ್ರಕ್ಕೆ ಮಾತ್ರ ನನ್ನ ಕೈ ಸಾಲದು. ಈಗ ಪೆಟ್ಟಿಗೆಗಳೇ ಮನುಷ್ಯರು.

ಕಥೆ ಮಾಟುಂಗಾದ ಹೋಟೆಲಿನದು. ಊರಿನಿಂದ ಬಂದ ಹುಡುಗ, ಚೌತಿಗೆ ಮನೆಗೆ ಹೋಗಬೇಕು. ಯಜಮಾನರು ಹಬ್ಬದ ಹೊತ್ತಿಗೆ ರಜೆ ಕೊಡುವುದಿ‍ಲ್ಲ. ಇದು ಮೊದಲ ಬೀಗ, ರಾನ್ ಗಿಲ್ಬರ್ಟ್ ಹೇಳಿದಂತೆ ಮೊದಲೇ ಕಣ್ಣಿಗೆ ಬೀಳುವಂಥದ್ದು. ನಾನು ಯೋಚಿಸಿದ ಕೀಲಿ ಹೀಗಿತ್ತು: ಹುಡುಗ ಯಜಮಾನರ ಕನ್ನಡಕ ಅಡಗಿಸಿ, ಊರಿನಿಂದ ಬಂದ ಹಳೆಯ ಇನ್‌ಲ್ಯಾಂಡ್ ಪತ್ರವನ್ನು ಹೊಸದೆಂದು ಕೊಟ್ಟು, ಕನ್ನಡಕವಿಲ್ಲದ ಅವರಿಗೆ ತಾನೇ ಅದನ್ನು ಬೇಕಾದ ಹಾಗೆ ಓದಿ ಹೇಳುತ್ತಾನೆ. ಬಹಳ ಜಾಣತನದ್ದು ಅನ್ನಿಸಿತ್ತು. ಅಕ್ಕನ ಮಗಳು ವಿಡಿಯೋ ಕಾಲ್‌ನಲ್ಲಿ ಕೇಳಿ, "ಇದು ಬೆಕ್ಕಿನ ಮೀಸೆ ಮಾಮ" ಅಂದಳು. ಅಡುಗೆ ಮನೆಯಿಂದ ಅಮ್ಮ ಸೇರಿಸಿದರು: "ಪತ್ರ ಓದಿದ್ರೆ ರಜೆ ಕೊಡ್ತಾರಾ ಯಾರಾದ್ರೂ? ಬದಲಿ ಜನ ಕೊಟ್ಟು ಹೋಗು ಅಂತಾರೆ. ನಿಮ್ಮಪ್ಪನೂ ಹಾಗೇ ಅಂತಿದ್ರು."

ಹೋಟೆಲಿನಲ್ಲಿ ಕೆಲಸ ಮಾಡಿದ ಯಾರಿಗೆ ಕೇಳಿದರೂ ಇದನ್ನೇ ಹೇಳುತ್ತಾರೆ. ಹಾಗಾದರೆ ಹುಡುಗ ಹುಡುಕಬೇಕಾದದ್ದು ಬದಲಿಗೆ ನಿಲ್ಲುವ ಇನ್ನೊಬ್ಬನನ್ನು. ಅಂಥವನು ಎಲ್ಲಿ ಸಿಗುತ್ತಾನೆ? ರಾತ್ರಿ ಶಾಲೆಯಲ್ಲಿ, ಎಲ್ಲ ಹೋಟೆಲುಗಳ ಹುಡುಗರೂ ಸೇರುವ ಕಡೆ. ಶಾಲೆ ಬಿಡುವುದು ಒಂಬತ್ತೂವರೆಗೆ, ಇವನ ಕೆಲಸ ಮುಗಿಯುವುದು ಹನ್ನೊಂದಕ್ಕೆ. ಎರಡನೆಯ ಬೀಗಕ್ಕೆ ನಾನು ಏನೂ ಯೋಚಿಸಬೇಕಾಗಲಿಲ್ಲ.